ಮಕ್ಕಳ ಮನೆಬರಹವೂ ಕಾಯಕವೂ

ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಮನೆಬರಹವೇ ಬೇಡವೆಂದೂ, ಮೂರರಿಂದ ಐದರವರಿಗೆ ವಾರಕ್ಕೆ 2 ಗಂಟೆ ಮೀರಬಾರದೆಂದೂ ಕೇಂದ್ರದ 2020ರ ಶಾಲಾಚೀಲ ನೀತಿಯು ಹೇಳಿತು. ಆದರೂ ಹತ್ತು ಸಲ ಬರೆಯಿಸುವ ರೂಢಿ ಉಂಟು. ಮಗು ತೂಕಡಿಸಿದರೆ ತಾಯಿಯೇ ಬರೆದುಕೊಡುವಳು. ಮೊದಲ ಪಾಠವೇ ಅನೃತವಾದರೆ ನಡೆನುಡಿಗಳು ಒಂದಾಗುವುದೆಂತು?

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳುವೇ ಉಪಾಧ್ಯಾಯ. ಅದು ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆ ಕಳಚುವುದನ್ನೂ, ಹಣ್ಣಾಗಿ ಚಂದ್ರಿಕೆಯಲ್ಲಿ ಗೂಡು ಕಟ್ಟುವುದನ್ನೂ ಮಗುವು ನೋಡಿ, ಮರುದಿನ ಶಾಲೆಯಲ್ಲಿ ತನ್ನ ಮಾತಿನಿಂದಲೇ ಹೇಳಲಿ. ಮಹಾದೇವಿಯಕ್ಕನವರು ಬಯಕೆಯ ಬಂಧನಕ್ಕೆ ಈ ಹುಳುವನ್ನೇ ಉಪಮಾನವಾಗಿ ಕಂಡರು. ಕಣ್ಣಿಟ್ಟು ನೋಡದವರಿಗೆ ಅದು ಹೊಳೆಯದು.

ಆದರೆ ನೋಡಿಸುವುದು ಬೇರೆ, ದುಡಿಸುವುದು ಬೇರೆ. ನಡುರಾತ್ರಿ ಸೊಪ್ಪು ಹಾಕಿಸಿ, ಗೂಡು ಬೇಯುವ ಬಿಸಿನೀರಿನ ಬಳಿ ಕೂರಿಸಿ, ಇದು ಕಾಯಕವೆನ್ನುವ ಗೃಹಸ್ಥನು ಶರಣರ ಮಾತನ್ನು ಲೋಭಕ್ಕೆ ಬಳಸಿದಂತಾಯಿತು. ಹುಳುವಿನ ಮುಂದೆ ಗಳಿಗೆ ಹೊತ್ತು ಸುಮ್ಮನೆ ಕುಳಿತು ಪ್ರಶ್ನೆ ಕೇಳಲು ಮಗುವಿಗೆ ಬಿಡುವಿರಲಿ. ಉತ್ತರಿಸಲು ತಂದೆಗೂ ಬಿಡುವಿರಲಿ.