ಮನೆಯವರೆಂದರೆ ಯಾರು?

ಗಂಡ, ಹೆಂಡತಿ, ಅವರಿಗೆ ಹುಟ್ಟಿದ ಮಕ್ಕಳು, ಇವರೇ ಕುಟುಂಬವೆಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೂ ತೀರಿಹೋದ ತಂಗಿಯ ಮಗುವನ್ನು ಸಾಕುವ ಅಕ್ಕಂದಿರೂ, ಮೊಮ್ಮಕ್ಕಳನ್ನು ಬೆಳೆಸುವ ಅಜ್ಜಿಯರೂ, ಮದುವೆಯಿಲ್ಲದೆ ಒಂದೇ ಮನೆಯಲ್ಲಿ ಮುಪ್ಪಾಗುವ ಅಕ್ಕತಂಗಿಯರೂ ನಮ್ಮ ಗ್ರಾಮಗಳಲ್ಲಿ ಇದ್ದಾರೆ. ಇಂಥ ಮನೆಗಳಿಗೆ ಕಾಯಿದೆಯು ಮಾನ್ಯತೆ ಕೊಟ್ಟರೆ ವಿವಾಹದ ಗೌರವವು ಕುಂದುವದೆಂದು ಕೆಲವರು ಭಯಪಡುವದುಂಟು. ಈ ಭಯವು ಯುಕ್ತವೋ ಎಂಬದನ್ನು ವಿಚಾರಿಸೋಣ.

ಮೊದಲು ಸಾಕುಮಗುವಿನ ಸಂಗತಿಯನ್ನು ನೋಡಿರಿ. ಹಿಂದೂ ಜನರ ದತ್ತುಸ್ವೀಕಾರಕ್ಕೆ 1956ರಲ್ಲಿ ಕಾಯಿದೆಯಾಯಿತು. ಕ್ರೈಸ್ತರಿಗಾದರೋ ಅಂಥದೊಂದು ಇರಲಿಲ್ಲ. 1890ರ ಕಾಯಿದೆಯ ಮೇರೆಗೆ ನ್ಯಾಯಾಲಯದಿಂದ ಪಾಲಕರಾಗಿ ನೇಮಕವಾಗಬಹುದಾಗಿತ್ತು. ಆದರೆ ಮಗು ಪ್ರಾಯಕ್ಕೆ ಬಂದೊಡನೆ ಪಾಲಕತ್ವವು ಮುಗಿಯುತ್ತಿತ್ತು. ಸ್ವಂತ ಮಗುವಿನ ಹಕ್ಕು ಅದರಿಂದ ದೊರೆಯುತ್ತಿರಲಿಲ್ಲ. ಇಪ್ಪತ್ತು ವರುಷ ಅಪ್ಪಾ ಎಂದು ಕರೆದವನು ಅಪ್ಪನ ಮರಣದ ದಿನ ಪರನಾಗುವನು; ಎಂದೂ ಬಂದು ನೋಡದ ದಾಯಾದಿಗಳು ಮನೆಯ ಬೀಗವನ್ನು ಕೇಳುವರು. ಇದರಿಂದ ವಿವಾಹಕ್ಕೆ ಯಾವ ಮಾನ ಬಂತು?

2000ದ ಬಾಲನ್ಯಾಯ ಕಾಯಿದೆಯೂ ಅದರ 2006ರ ತಿದ್ದುಪಡಿಯೂ ಈ ಕೊರತೆಯನ್ನು ನೀಗಿಸಿದವು. ಯಾವ ಮತದವರಾದರೂ ಅದರ ಪ್ರಕಾರ ದತ್ತು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಈಗಿರುವ 2015ರ ಕಾಯಿದೆಯಲ್ಲಿ ಒಂಟಿ ಸ್ತ್ರೀಗೂ ಈ ಅಧಿಕಾರವಿದೆ. ಒಂಟಿ ಪುರುಷನು ಮಾತ್ರ ಹೆಣ್ಣುಮಗುವನ್ನು ತೆಗೆದುಕೊಳ್ಳಕೂಡದು.

2022ರಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಯಿತು. ಚಂಡೀಗಢದ ಒಬ್ಬ ದಾದಿಯು ಗಂಡನ ಮೊದಲನೆಯ ಹೆಂಡತಿಯ ಇಬ್ಬರು ಮಕ್ಕಳಿಗೂ ತಾಯಿಯಾಗಿದ್ದಳು. ಅವರ ಪೋಷಣೆಗಾಗಿ ಆಕೆ ರಜೆ ಪಡೆದಿದ್ದಳೆಂಬ ಕಾರಣದಿಂದ ಆಕೆಯ ಸ್ವಂತ ಹೆರಿಗೆಯ ರಜೆಯನ್ನು ನಿರಾಕರಿಸಿದ್ದರು. ನ್ಯಾಯಾಧೀಶರು ಆಕೆಗೆ ನ್ಯಾಯ ಕೊಟ್ಟು, ಮರುಮದುವೆಯ ಮನೆ, ದತ್ತುಮಕ್ಕಳ ಮನೆ, ವಿವಾಹವಿಲ್ಲದೆ ಕೂಡಿ ಬಾಳುವವರ ಮನೆ, ಒಂದೇ ಲಿಂಗದವರ ಮನೆ, ಇವೂ ಕಾಯಿದೆಯ ಆಶ್ರಯಕ್ಕೆ ಯೋಗ್ಯವೆಂದರು. ಆದಾಗ್ಯೂ 2023ರಲ್ಲಿ ಒಂದೇ ಲಿಂಗದವರ ವಿವಾಹಕ್ಕೆ ಮಾನ್ಯತೆ ಕೊಡಲು ಕೋರ್ಟು ಒಪ್ಪಲಿಲ್ಲ. ಅದು ಶಾಸನ ಮಾಡುವವರ ಕೆಲಸವೆಂದಿತು.

ಇವೆಲ್ಲವನ್ನೂ ಸಭೆಯು ಆಶೀರ್ವದಿಸಬೇಕೋ ಎಂಬದು ಬೇರೆ ಪ್ರಶ್ನೆ. ಕಾಯಿದೆಯ ಪ್ರಶ್ನೆ ಇಷ್ಟೇ: ಈ ಮನೆಯಲ್ಲಿ ಯಾರು ಯಾರನ್ನು ನಂಬಿ ಬದುಕುತ್ತಾರೆ? ಆಸರೆ ತಪ್ಪಿದರೆ ಬೀದಿಗೆ ಬೀಳುವವರು ಯಾರು? ಗಂಡಹೆಂಡಿರ ನಂಬಿಗಸ್ತಿಕೆಯೇ ವಿವಾಹದ ಮಾನ. ನೆರೆಮನೆಯ ತಬ್ಬಲಿಗೆ ಹಕ್ಕು ಸಿಕ್ಕಿದ್ದರಿಂದ ಅದು ಎಳ್ಳಷ್ಟೂ ಕಡಿಮೆಯಾಗದು. ತಂದೆತಾಯಿಗಳಿಲ್ಲದ ಎಸ್ತೇರಳನ್ನು ಮೊರ್ದೆಕೈಯು ಮಗಳಾಗಿ ಸಾಕಿದ್ದನ್ನು ನಾವು ಮೆಚ್ಚಿ ಓದುತ್ತೇವಲ್ಲವೇ?

ಆದಕಾರಣ, ಸಾಕುವವರೇ, ಪ್ರೀತಿಯೊಂದೇ ಸಾಕೆಂದು ಸುಮ್ಮನಿರಬೇಡಿರಿ. ದತ್ತಿನ ಆಜ್ಞೆಯನ್ನು ಈಗ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಸೋದರಮಾವ, ಚಿಕ್ಕಮ್ಮ, ಅಜ್ಜ, ಅಜ್ಜಿ ಮೊದಲಾದ ಸಂಬಂಧಿಕರೂ ಅದನ್ನು ಪಡೆಯಬಹುದು. ಕೂಡಿ ಬಾಳುವ ಬೇರೆಯವರು 1925ರ ಕಾಯಿದೆಯ ಪ್ರಕಾರ ಇಬ್ಬರು ಸಾಕ್ಷಿಗಳ ಮುಂದೆ ಮರಣಶಾಸನವನ್ನು ಬರೆದಿಡಬಹುದು. ಜೀವದಿಂದಿರುವಾಗ ಅನ್ನವಿಕ್ಕಿದ ಕೈ, ತಾನು ಹೋದ ಮೇಲೆಯೂ ಆ ಮಗುವಿನ ತಲೆಯ ಮೇಲೆ ಸೂರು ಇರುವಂತೆ ನೋಡಿಕೊಳ್ಳಲಿ.