ಊರಿನ ರಜೆ ಯಾರ ಲೆಕ್ಕಕ್ಕೆ?

ಮೇ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಊರಿನದೇ ಮಾತು. ಹೊಳೆಯಲ್ಲಿ ಈಜಬೇಕು, ಕಡಲ ಬದಿಗೆ ಹೋಗಬೇಕು ಎಂದು ಮಕ್ಕಳು. ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆ ಮಾಡಬೇಕು ಎಂದು ಹಿರಿಯರು. ಈ ಹಂಬಲದಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡಿದವನು ಹದಿನೈದು ದಿನ ಕಾಲು ಚಾಚಿಕೊಳ್ಳಲಿ. ಆದರೆ ಊರಮನೆಯಲ್ಲಿ ನಾವು ಯಾರು? ಮನೆಯವರೋ, ನೆಂಟರೋ?

ಮನೆಯವರೆಂದು ಹೇಳಿಕೊಳ್ಳುವುದು ಸುಲಭ. ಅಜ್ಜನ ಕಾಲದ ಮನೆ, ನಮ್ಮದೂ ಒಂದು ಪಾಲಿದೆ, ನಾಗಬನದ ಸೇವೆಗೆ ವಂತಿಗೆ ಕಳಿಸುತ್ತೇವೆ. ಆದರೆ ಮನೆಯವನು ಬೆಳಿಗ್ಗೆ ಎದ್ದು ಕೊಡಪಾನ ಹಿಡಿಯುತ್ತಾನೆ. ನೆಂಟ ಜಗಲಿಯಲ್ಲಿ ಕುಳಿತು ಕಾಫಿಗೆ ಕಾಯುತ್ತಾನೆ. ಹಕ್ಕಿನ ಮಾತು ಬಂದಾಗ ಮನೆಯವರು, ಕಾಫಿಯ ಹೊತ್ತಿಗೆ ನೆಂಟರು ಎಂಬ ಎರಡು ದೋಣಿಯ ಪಯಣ ಎಷ್ಟು ಕಾಲ ಸಾಗೀತು?

ಕುಂದಾಪುರದ ಉತ್ತರಕ್ಕೆ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಕಡಲಿಗೆ ಕೈಯಳತೆಯಷ್ಟು ಹತ್ತಿರ ಬಂದ ಹೊಳೆ ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯಲ್ಲಿ ಸಮುದ್ರ ಕಾಣುತ್ತದೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಕರಾವಳಿಯ ಹೊಳೆಗಳಲ್ಲಿ ಬೇಸಗೆಗೆ ಮೇಲಿನಿಂದ ಬರುವ ಸಿಹಿನೀರು ಸೊರಗುತ್ತದೆ, ಉಬ್ಬರದ ಉಪ್ಪುನೀರು ಒಳಗೇರುತ್ತದೆ. ಅದನ್ನು ತಡೆಯಲೆಂದೇ ಊರವರು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು. ದಡದ ಬಾವಿಗಳಲ್ಲಿ ಕೆಲವು ಉಪ್ಪಾಗುತ್ತವೆ, ಕೆಲವು ತಳ ಕಾಣುತ್ತವೆ. ನಾವು ಎಂಟು ಮಂದಿ, ದಿನಕ್ಕೆ ಎರಡು ಸಲ ಸ್ನಾನ ಮಾಡುವವರು, ಹೋಗಿ ಇಳಿಯುವುದು ಸರಿಯಾಗಿ ಆ ತಿಂಗಳಲ್ಲಿ!

ಹಿಂದೆಯೂ ಮುಂಬಯಿಯಿಂದ ಮೇ ತಿಂಗಳಲ್ಲೇ ಬರುತ್ತಿದ್ದರಲ್ಲ ಎನ್ನಬಹುದು. ಹೌದು, ಬರುತ್ತಿದ್ದರು. ಮಳೆಗಾಲದ ಮೊದಲು ಹುಲ್ಲಿನ ಮಾಡಿಗೆ ಹೊಸ ಹುಲ್ಲು ಹೊದೆಸಬೇಕು, ಮಡಲು ಹೆಣೆಯಬೇಕು, ಸೌದೆ ಒಟ್ಟಬೇಕು, ಹಲಸಿನ ಹಪ್ಪಳ ಒಣಗಿಸಬೇಕು, ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಬೇಕು. ಫೋರ್ಟಿನ ಹೋಟೆಲಿನಲ್ಲಿ ತಟ್ಟೆ ಎತ್ತಿದ ಹುಡುಗ ಊರಿಗೆ ಬಂದರೆ ಮಾಡು ಹತ್ತುತ್ತಿದ್ದ. ಅವನ ಬರವು ಮನೆಗೆ ಎರಡು ಕೈಗಳ ಬರವಾಗಿತ್ತು. ಮಾಡಿಗೆ ಹೆಂಚು ಬಂದು, ಆಮೇಲೆ ತಾರಸಿಯೂ ಬಂದದ್ದು ಒಳ್ಳೆಯದೇ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದವರು ಮರುದಿನ ಬೆಳಿಗ್ಗೆ ಕುಂದಾಪುರದಲ್ಲಿ ಇಳಿಯುವಂತಾದದ್ದೂ ಒಳ್ಳೆಯದೇ. ದಾರಿ ಹಗುರವಾಯಿತು, ಕೆಲಸವೂ ಹಗುರವಾಯಿತು. ಅಡಿಗೆಮನೆ ಮಾತ್ರ ಹಗುರವಾಗಲಿಲ್ಲ.

ವಿಶ್ರಾಂತಿಯನ್ನು ಹಕ್ಕೆಂದು ಒಪ್ಪಿಸಲು ಜಗತ್ತು ಬಹಳ ಹೆಣಗಿದೆ. 1936ರಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸಂಬಳ ಸಹಿತ ರಜೆಯ ಒಪ್ಪಂದವನ್ನು ಅಂಗೀಕರಿಸಿತು. ನಮ್ಮ 1948ರ ಕಾರ್ಖಾನೆ ಕಾಯಿದೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ರಜೆ ಎಂದು ಲೆಕ್ಕ ಹಾಕಿತು. ಗಿರಣಿಯ ಕೆಲಸಗಾರನಿಗೆ ದೊರೆತ ಈ ಲೆಕ್ಕದಲ್ಲಿ ಊರಮನೆಯ ಅತ್ತಿಗೆಯ ಹಾಜರಿ ಎಲ್ಲಿದೆ? ನಮ್ಮ ರಜೆಯ ಹದಿನೈದು ದಿನ ಅವರಿಗೆ ವರ್ಷದ ಅತಿ ಹೆಚ್ಚು ದುಡಿಮೆಯ ಹದಿನೈದು ದಿನ.

"ನಾವು ಹೋದರೆ ಅವರಿಗೂ ಸಂತೋಷವಲ್ಲವೇ?" ಎಂದು ಹಲವರು ಕೇಳುತ್ತಾರೆ. ಖಂಡಿತ ಸಂತೋಷವೇ. ಮುದುಕರಿಬ್ಬರೇ ಉಳಿದ ಮನೆಯಲ್ಲಿ ಮಕ್ಕಳ ಗಲಾಟೆ ಕೇಳುವುದು ಸಣ್ಣ ಭಾಗ್ಯವಲ್ಲ. ಆ ಸಂತೋಷ ನಿಜವಾದದ್ದರಿಂದಲೇ ಅವರು ಬೇಡವೆನ್ನಲಾರರು. ಬೇಡವೆನ್ನಲಾರದವರ ಬಳಿ ಕೇಳುವಾಗ ಕೇಳುವವನೇ ಅಳತೆ ಇಟ್ಟುಕೊಳ್ಳಬೇಕಾಗುತ್ತದೆ. ಹೊರಡುವ ದಿನ ಕೈಗೆ ನೋಟು ತುರುಕಿದರೆ ಲೆಕ್ಕ ಚುಕ್ತಾ ಆಯಿತೆಂದು ನಮಗೆ ಅನಿಸುವುದಿಲ್ಲ. ಹೋಟೆಲಿನ ಕೋಣೆಗಾದರೆ ಆದೀತು.

ಹಾಗೆಂದು ಊರಿಗೆ ಹೋಗದೆ ರೆಸಾರ್ಟಿನಲ್ಲಿ ಇಳಿಯುವುದು ಉತ್ತರವಲ್ಲ. ಅದರಿಂದ ಅತ್ತಿಗೆಗೆ ಆಗುವ ನೋವೇ ಬೇರೆ. ನೀರು ಸೇದುವುದು, ತೆಂಗಿನಕಾಯಿ ತುರಿಯುವುದು, ಪಾತ್ರೆ ತೊಳೆಯುವುದು ಇವನ್ನು ಮುಂಬಯಿಯ ಗಂಡಸರು, ಮಕ್ಕಳು ಹಂಚಿಕೊಂಡರೆ ಕಡಲ ಗಾಳಿಯೇನೂ ಕಡಿಮೆಯಾಗದು. ಅದಕ್ಕಿಂತ ಮುಖ್ಯವಾಗಿ, ಊರಿನವರು ಮುಂಬಯಿಗೆ ಬರುವುದು ಯಾವಾಗ ಎಂದು ನೋಡಿ: ಬಾಣಂತನಕ್ಕೆ, ಇಲ್ಲವೇ ಆಸ್ಪತ್ರೆಗೆ. ಬರಿದೇ ಕೂರಲೆಂದು ಅವರನ್ನು ಕರೆಸಿಕೊಂಡ ಮನೆಗಳು ನಮ್ಮಲ್ಲಿ ಎಷ್ಟಿವೆ? ಜುಹೂ ಬೇಡ, ಮನೆಯಿಂದ ಒಂದು ಮೈಲಿ ದೂರದ ಆ ಕಡಲಿಗೇ, ಕೈಯಲ್ಲಿ ಬುತ್ತಿಯೂ ಒದ್ದೆ ಟವೆಲ್ಲೂ ಇಲ್ಲದೆ, ಅತ್ತಿಗೆ ಕೊನೆಯ ಸಲ ಹೋಗಿ ಕುಳಿತದ್ದು ಯಾವ ವರ್ಷ?