ದಾನಕ್ಕೆ ಮೊದಲಿನ ಲೆಕ್ಕ

ವ್ಯಾಪಾರದಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಸಮಾಜಕ್ಕೆ ಸಲ್ಲಬೇಕೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ಹುನಗುಂದ ಭಾಗದ ಐಹೊಳೆಯ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದಾದ್ಯಂತ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಸಿಕ್ಕಿದ 1088ರ ತಮಿಳು ಶಾಸನವೂ ಅವರದೇ. ಆ ವರ್ತಕರು ಅನೇಕ ಕಡೆ ದತ್ತಿಯನ್ನು ನಿಗದಿಪಡಿಸಿದ್ದು ಸರಕಿನ ಮೇಲೆ, ಹೇರಿಗೆ ಇಷ್ಟು ಎಂದು. ವರ್ಷದ ಕೊನೆಯಲ್ಲಿ ಲಾಭ ಉಳಿಯಿತೇ ಎಂದು ನೋಡಿ ಕೊಡುವ ಕ್ರಮ ಅದಲ್ಲ. ಹೇರು ಪೇಟೆಗೆ ಬಂದಾಗಲೇ ಧರ್ಮದ ಪಾಲು ಬೇರೆಯಾಗುತ್ತಿತ್ತು.

ಇಂದಿನ ಕ್ರಮ ಬೇರೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಸಾಕು. ಆ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡತಕ್ಕದ್ದು. ಕಾನೂನಿನ ಒತ್ತಾಯದಿಂದ ಕೊಟ್ಟದ್ದು ದಾನವಾದೀತೇ ಎಂದು ಕೆಲವರು ಕೇಳುತ್ತಾರೆ. ಹಸಿದ ಮಗುವಿಗೆ ಆ ಪ್ರಶ್ನೆ ಅನಗತ್ಯ. ಕೊಡುವವನ ಭಾವಶುದ್ಧಿ ಅವನಿಗೇ ಬಿಟ್ಟದ್ದು. ಅದಕ್ಕಿಂತ ಹಿಂದಿನ ಪ್ರಶ್ನೆ ನನ್ನನ್ನು ಕಾಡುತ್ತದೆ: ಕೊಟ್ಟ ಹಣ ಬಂದದ್ದು ಎಲ್ಲಿಂದ?

ಆಶಾಧರ ಪಂಡಿತರು ‘ಸಾಗಾರ ಧರ್ಮಾಮೃತ’ದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಮೊದಲು ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ದಾನದ ಮಾತು ಆಮೇಲೆ. ಈ ಅನುಕ್ರಮ ಕೇವಲ ಛಂದಸ್ಸಿನ ಅನುಕೂಲವೆಂದು ನನಗೆ ತೋರುವುದಿಲ್ಲ.

ಇಳಕಲ್ಲಿನ ಮಗ್ಗವನ್ನೇ ನೋಡೋಣ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಈ ಪೂರ್ವಸಿದ್ಧತೆಯ ಬಹುಪಾಲು ಮನೆಯ ಹೆಂಗಸರದು. ನೂಲು ಕೊಟ್ಟ ಮಾಲೀಕನಿಂದ ಸೀರೆಗೆ ಇಷ್ಟು ಎಂದು ಮಜೂರಿ ಪಡೆಯುವ ಮನೆಯಲ್ಲಿ ಆಕೆಯ ದುಡಿಮೆಗೆ ಪ್ರತ್ಯೇಕ ಬೆಲೆಯೇ ಇರುವುದಿಲ್ಲ. ಗುಳೇದಗುಡ್ಡದ ಖಣ ನೇಯುವ ಮನೆಗಳ ಕಥೆಯೂ ಹೆಚ್ಚು ಭಿನ್ನವಲ್ಲ. ಈಗ ಒಂದು ವ್ಯಾಪಾರಿ ಸಂಸ್ಥೆ ಅಲ್ಲಿ ಸೀರೆಗೆ ನೂರು ರೂಪಾಯಿ ಕಡಿಮೆ ಕೊಟ್ಟು, ಹೀಗೆ ಉಳಿಸಿದ ಹಣದಲ್ಲಿ ಅದೇ ಓಣಿಯ ಮಕ್ಕಳಿಗೆ ಪುಸ್ತಕ ಹಂಚಿತೆಂದು ಭಾವಿಸೋಣ. ಅದು ಶಾಸ್ತ್ರದಾನವೇ? ಆ ಪುಸ್ತಕವನ್ನು ಕೊಂಡವಳು ಆ ಮಗುವಿನ ತಾಯಿ ಎಂದು ನಾನು ಹೇಳುವೆನು.

ಇಳಕಲ್ಲಿನ ಕೆಂಪು ಗ್ರಾನೈಟ್ ಪರದೇಶಗಳಿಗೂ ಹೋಗುತ್ತದೆ. ಕಲ್ಲು ಕೊರೆಯುವಾಗ ಏಳುವ ಧೂಳು ಶ್ವಾಸಕೋಶವನ್ನು ಕೆಡಿಸಿ ಸಿಲಿಕೋಸಿಸ್ ತರುತ್ತದೆ. ನೀರು ಹಾಯಿಸಿ ಕೊರೆದರೆ ಧೂಳು ಬಹಳಷ್ಟು ಅಡಗುತ್ತದೆ. ನೀರಿನ ವೆಚ್ಚ ಉಳಿಸಿ ಆಸ್ಪತ್ರೆಗೆ ಹಾಸಿಗೆ ಕೊಡುವುದು ಔಷಧದಾನವಾಗದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಎತ್ತಿನ ಬೆನ್ನಿಗೆ ಅನ್ವಯಿಸುವ ಮಾತು ಕೂಲಿಯವನ ಎದೆಗೆ ಅನ್ವಯಿಸದೇ?

ಆಶ್ಚರ್ಯವೆಂದರೆ, ಕಾನೂನೂ ಈ ಭೇದವನ್ನು ಬಲ್ಲದು. ತನ್ನ ನೌಕರರಿಗಷ್ಟೇ ಪ್ರಯೋಜನವಾಗುವ ವೆಚ್ಚವನ್ನು ಕಂಪನಿಯು ಈ ಶೇಕಡಾ 2ರಲ್ಲಿ ತೋರಿಸುವಂತಿಲ್ಲ. ಋಣ ತೀರಿಸುವುದು ಬೇರೆ, ಕೊಡುಗೆ ಬೇರೆ.

ತತ್ತ್ವಾರ್ಥಸೂತ್ರವು ಅತಿಥಿಸಂವಿಭಾಗ ವ್ರತಕ್ಕೆ ಹೇಳಿರುವ ದೋಷಗಳಲ್ಲಿ ಮಾತ್ಸರ್ಯ ಮತ್ತು ಕಾಲಾತಿಕ್ರಮ ಎಂಬ ಎರಡಿವೆ. ಮುನಿಗಳ ಆಹಾರದಾನವನ್ನು ಕುರಿತ ಮಾತುಗಳಾದರೂ ಇಲ್ಲಿಗೂ ಒಪ್ಪುತ್ತವೆ. ಬೇರೆ ದಾನಿಯ ಮೇಲಿನ ಸ್ಪರ್ಧೆಯಿಂದ ಕೊಡುವುದು ಮಾತ್ಸರ್ಯ. (ಹೆಸರಿನ ಆಸೆ ಹಳೆಯದು, ಐಹೊಳೆಯ ಮೇಗುಟಿ ಬಸದಿಯನ್ನು ಕಟ್ಟಿಸಿದ ರವಿಕೀರ್ತಿ 634ರ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದು ಹೇಳಿಕೊಂಡಿದ್ದಾನೆ. ಬಸದಿ ನಿಂತಿದೆ, ಕ್ಷಮಿಸಬಹುದು.) ಮಾರ್ಚ್ 31ರ ಗಡುವಿಗೆ ಹೆದರಿ, ಬೇಕೋ ಬೇಡವೋ ಕೇಳದೆ ಸುರಿಯುವುದು ಕಾಲಾತಿಕ್ರಮ. ನೇಕಾರನಿಗೆ ಬೇಕಾದದ್ದು ನೂಲಿನ ಸಾಲವಾಗಿರುವಾಗ ಗೋಡೆಯ ಮೇಲೆ ಫಲಕ ಬರುತ್ತದೆ.

ಬಾಂಗ್ಲಾದೇಶದಲ್ಲಿ 1983ರಲ್ಲಿ ಗ್ರಾಮೀಣ ಬ್ಯಾಂಕನ್ನು ಸ್ಥಾಪಿಸಿದ ಮುಹಮ್ಮದ್ ಯೂನುಸ್ ಬೇರೊಂದು ಮಾರ್ಗವನ್ನು ಸೂಚಿಸಿದರು: ಹೂಡಿದ ಮೂಲಧನವನ್ನು ಹಿಂದಕ್ಕೆ ಪಡೆಯಬಹುದು, ಅದರ ಮೇಲೆ ಲಾಭಾಂಶ ಪಡೆಯುವಂತಿಲ್ಲ. ಕಿರುಸಾಲದ ಹೆಸರಿನಲ್ಲಿ ಬಡವರ ಕೊರಳಿಗೆ ಬಡ್ಡಿ ಬಿಗಿದವರೂ ಮುಂದೆ ಹುಟ್ಟಿಕೊಂಡದ್ದು ನಿಜ. ಆದರೂ ಆ ನಿಯಮದಲ್ಲಿ ಪರಿಗ್ರಹ ಪರಿಮಾಣದ ಛಾಯೆ ಇದೆ. ಮಿತಿಯು ಗಳಿಕೆಗೇ ಬೀಳುತ್ತದೆ, ಗಳಿಸಿಯಾದ ಮೇಲಿನ ಔದಾರ್ಯಕ್ಕಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳೂ ಈ ವಿಚಾರದಿಂದ ಹೊರತಲ್ಲ. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪ್ರಾಚೀನ ಸ್ಮಾರಕಗಳ ಜೀರ್ಣೋದ್ಧಾರವೂ ಪಾರಂಪರಿಕ ಕರಕುಶಲವೂ ಇರುವುದರಿಂದ ಕಂಪನಿಗಳ ಬಾಗಿಲಿಗೆ ನಾವೂ ಹೋಗುತ್ತೇವೆ. ಅವರ ಗಳಿಕೆಯನ್ನು ವಿಚಾರಿಸುವ ಮುನ್ನ ನಮ್ಮ ಖರೀದಿಯನ್ನು ವಿಚಾರಿಸಬಹುದು. ಪಂಚಕಲ್ಯಾಣದಲ್ಲಿ ಸನ್ಮಾನಕ್ಕೆಂದು ನೂರು ಸೀರೆ ತರಿಸುವಾಗ ಸಮಿತಿಯವರು ಕೇಳುವುದು ಅತಿ ಕಡಿಮೆ ದರ ಯಾರದೆಂದು. ಅಷ್ಟರಲ್ಲೇ ವಿದ್ಯುತ್ ಮಗ್ಗದ ನಕಲು ಇಳಕಲ್ ಸೀರೆಯೆಂದು ಒಳಗೆ ಬಂದಿರುತ್ತದೆ. ಮುಂದಿನ ಸಲ ಸಮಿತಿಯ ಒಬ್ಬರಾದರೂ ಇಳಕಲ್ಲಿಗೆ ಹೋಗಿ, ಮಗ್ಗದ ಮುಂದೆ ಕುಳಿತು, ಮಜೂರಿ ಎಷ್ಟೆಂದು ಕೇಳಿ ಬರಲಿ. ಸೀರೆ ಕೊಳ್ಳುವಾಗ ಸೆರಗು ಒಡಲನ್ನು ಸೇರುವ ಜಾಗವನ್ನು ಮಡಿಕೆ ಬಿಡಿಸಿ ನೋಡಲಿ. ಕೊಂಡಿಗಳ ಸಾಲು ಅಲ್ಲಿರಬೇಕು.